ಸಿಕ್ಕಿಕೊಳ್ಳುವ ಜಾಗ

ಗೋಧಿ ಒಕ್ಕಣೆ ಶುರುವಾಗಿ ಮೂರನೆಯ ವಾರ. ಊರ ಸುತ್ತಲ ಹೊಲಗಳಲ್ಲಿ ಬೆಳಗಿನಿಂದ ಯಂತ್ರಗಳು ಗುಡುಗುತ್ತಿದ್ದವು. ಅವು ಉಗುಳಿದ ಹೊಟ್ಟು ಬಿಸಿಗಾಳಿಯಲ್ಲಿ ತೇಲಿ ಬಂದು ಸಂತೆಬೀದಿಯ ಕಿಟಕಿ ಗಾಜುಗಳ ಮೇಲೆ ಹಳದಿ ಹಿಟ್ಟಿನಂತೆ ಕೂರುತ್ತಿತ್ತು. ಬೇರೆ ಅಂಗಡಿಯವರಿಗೆ ಇದು ಬಾಗಿಲು ಅರ್ಧ ಎಳೆದುಕೊಂಡು ಗೊಣಗುವ ಕಾಲ. ಕಿವಿಮಿಷನ್ನಿನ ಅಂಗಡಿ ಇಟ್ಟಿದ್ದ ಅವಳಿಗೆ ಮಾತ್ರ ಕೈತುಂಬ ಕೆಲಸ. ಊರಲ್ಲಿ ಅರವತ್ತು ದಾಟಿದ ಗಂಡಸರಲ್ಲಿ ಅರ್ಧದಷ್ಟು ಜನರ ಕಿವಿಯನ್ನು ಒಕ್ಕಣೆ ಯಂತ್ರವೇ ತಿಂದಿತ್ತು. ಆ ಕಿವಿಗಳಿಗೆ ಅವಳು ಕೂರಿಸಿಕೊಟ್ಟ ಮಿಷನ್ನುಗಳೊಳಗೆ ಈಗ ಅದೇ ಯಂತ್ರದ ಹೊಟ್ಟು ತುಂಬಿಕೊಂಡು ಅವೂ ಕಿವುಡಾಗುತ್ತಿದ್ದವು. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ದೀಪ ಬಗ್ಗಿಸಿಕೊಂಡು, ಒಂದೊಂದನ್ನೂ ಬಿಚ್ಚಿ, ರೆಪ್ಪೆಗೂದಲಷ್ಟು ತೆಳ್ಳಗಿನ ಕುಂಚದಿಂದ ಹೊಟ್ಟು ಉದುರಿಸಿ, ತಂತಿಯ ಕುಣಿಕೆಯಿಂದ ಗುಗ್ಗೆ ತೆಗೆದು, ಬ್ಯಾಟರಿ ಬದಲಿಸಿ, ತನ್ನ ಕಿವಿಗೊಮ್ಮೆ ಹಿಡಿದು ನೋಡಿ ಪಕ್ಕಕ್ಕಿಡುತ್ತಿದ್ದಳು. ಹನ್ನೊಂದು ಮುಗಿದಿದ್ದವು. ಹನ್ನೆರಡನೆಯದನ್ನು ಬಿಚ್ಚುವಾಗ ಹೊರಗೆ ಕಾರಿನ ಬಾಗಿಲು ಹಾಕಿದ ಸದ್ದಾಯಿತು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ಆಯಿತು. ಅವಳ ಕೈ ನಿಂತಿತು. ಬಾಗಿಲನ್ನು ಎರಡು ಸಲ ಹಾಕುವವನು ಅಣ್ಣನೊಬ್ಬನೇ. ಮೊದಲನೆಯದು ಅವನಿಗೆ ಕೇಳಿಸಿರುವುದಿಲ್ಲ.

ಎರಡು ತಿಂಗಳಲ್ಲಿ ಇದು ಮೂರನೆಯ ಸಲ. ಯಾಕೆ ಬಂದಿದ್ದಾನೆಂದು ಅವಳಿಗೆ ಗೊತ್ತಿತ್ತು, ಬರುತ್ತಾನೆಂದೂ ಗೊತ್ತಿತ್ತು. ಆದರೂ ಗಾಜಿನ ಬಾಗಿಲನ್ನು ಭುಜದಿಂದ ತಳ್ಳಿಕೊಂಡು ಒಳಬಂದ ಅವನ ಎರಡೂ ಕೈಯಲ್ಲಿ ಆ ಹಳೆಯ ನೀಲಿ ರೆಕಾರ್ಡ್ ಪೆಟ್ಟಿಗೆ ಇರುತ್ತದೆಂದು ಅವಳು ಎಣಿಸಿರಲಿಲ್ಲ.

"ಏ ಸೂಜಿ, ಹಿಡ್ಕೊಳ್ಳೇ ಇದನ್ನ, ಕೈ ಬಿದ್ದೋಗ್ತಿದೆ."

ಅವಳು ಎದ್ದು ಹಿಡಿದುಕೊಂಡಳು. ಹಿಡಿದುಕೊಂಡ ಮೇಲೆ ತಾನು ಎದ್ದದ್ದು ಅವಳಿಗೆ ತಿಳಿಯಿತು. ಅರವತ್ತು ವರ್ಷದ ಮೊಣಕಾಲು, ಬೇರೆ ಯಾರು ಕರೆದರೂ ಮೇಜು ಹಿಡಿದುಕೊಂಡೇ ಏಳುವ ಮೊಣಕಾಲು, ಈ ಒಂದು ದನಿಗೆ ಅವಳನ್ನು ಕೇಳದೆಯೇ ಎದ್ದುಬಿಡುತ್ತದೆ.

ಬೆಂಚಿನ ಮೇಲೆ ತನ್ನ ಸರದಿಗೆ ಕಾಯುತ್ತಿದ್ದ ಒಕ್ಕಣೆ ಮಿಷನ್ನಿನ ಡ್ರೈವರು ಹುಬ್ಬಿನ ಮೇಲಿನ ಹೊಟ್ಟು ಒರೆಸಿಕೊಂಡು ನಕ್ಕ. "ಸೂಜಿನಾ? ಕಿವಿಯಕ್ಕ, ನಿಮಗೆ ಹಿಂಗೂ ಒಂದು ಹೆಸರಿತ್ತಾ? ಇಷ್ಟು ವರ್ಷ ನಮಗೊಂದು ಮಾತು ಹೇಳಿಲ್ಲ ನೋಡಿ."

"ಇರದೇ ಏನು! ಇಟ್ಟೋನೇ ನಾನು," ಎಂದ ಅಣ್ಣ, ಕುರ್ಚಿಯಲ್ಲಿ ಕೂತು ಎರಡು ಮೊಣಕಾಲನ್ನೂ ಅಂಗೈಯಿಂದ ಉಜ್ಜಿಕೊಳ್ಳುತ್ತ. "ಆ ಕಥೆ ಕೇಳಿದ್ರೆ ನೀನು ಹೊಟ್ಟೆ ಹಿಡ್ಕೊಂಡು ನಗ್ತೀಯ."

ಅವಳು ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟಳು. ಮುಚ್ಚಳದೊಳಗೇ ಸ್ಪೀಕರಿದ್ದ, ಮೂಲೆಯ ತಗಡು ಕಿತ್ತ ಅದೇ ಪೆಟ್ಟಿಗೆ. ಬೀಗದ ಬಿಲ್ಲೆ ತಣ್ಣಗೆ ಬೆರಳಿಗೆ ತಾಗಿದ ಕೂಡಲೇ ಮನೆಯ ಹಿಂದಿನ ಕೋಣೆಯ ವಾಸನೆ ಬಂತು: ಎಣ್ಣೆ ಹಚ್ಚಿದ ಮರ, ಅಣ್ಣನ ಬೆವರಿನ ಅಂಗಿ, ರೆಕಾರ್ಡಿನ ಕಾಗದದ ಚೀಲ. ಅವನಿಗೆ ಆಗ ಹದಿನೆಂಟು, ಅವಳಿಗೆ ಹನ್ನೊಂದು. ಒಟ್ಟು ಒಂಬತ್ತು ಹಾಡಿನ ಪ್ಲೇಟುಗಳಿದ್ದವು. ಭಾನುವಾರ ಮಧ್ಯಾಹ್ನ ಅವನ ಮೂವರು ಗೆಳೆಯರು ಸೈಕಲ್ಲಿನಲ್ಲಿ ಬರುವ ಮೊದಲು ಒಂಬತ್ತನ್ನೂ ಮೆತ್ತನೆ ಬಟ್ಟೆಯಿಂದ ಒರೆಸಿಡುವುದು ಅವಳ ಪಾಲಿನ ಕೆಲಸ. ಅಂಚು ಮಾತ್ರ ಹಿಡಿಯಬೇಕು, ಮುಖ ಮುಟ್ಟಕೂಡದು, ಉಸಿರು ಬಿಗಿಹಿಡಿಯಬೇಕು. ಒರೆಸಿಯಾದ ಮೇಲೆ, "ಹೂಂ, ಹೋಗು, ಬಾಗಿಲು ಎಳ್ಕೋ." ಆಮೇಲೆ ಬಾಗಿಲಿನ ಈಚೆ ಅವಳು, ಆಚೆ ಅದು. ಮರದ ಹಲಗೆಯ ಮೂಲಕ ಬರುತ್ತಿದ್ದದ್ದು ಹಾಡೆಂದು ಅವಳಿಗೆ ಅನ್ನಿಸುತ್ತಿರಲಿಲ್ಲ. ಯಾರೋ ದೊಡ್ಡವರು ಮನೆಯೊಳಗೇ ಜಗಳವಾಡುತ್ತ ಜಗಳದ ನಡುವೆ ನಗುತ್ತಿದ್ದ ಹಾಗಿರುತ್ತಿತ್ತು. ಅಪ್ಪನ ರೇಡಿಯೋದಲ್ಲಿ ಬರುತ್ತಿದ್ದವರೆಲ್ಲ ಸ್ನಾನ ಮಾಡಿ ತಲೆ ಬಾಚಿಕೊಂಡು ಹಾಡುತ್ತಿದ್ದರು. ಇವರು ಹೊಲದಿಂದ ನೇರ ಬಂದು ಕೆಸರು ಕಾಲಲ್ಲೇ ಒಳಗೆ ನುಗ್ಗಿದ್ದರು.

"...ಸದ್ದೇ ಇಲ್ಲದೆ ಹಾಡು ಕೇಳ್ತೀನಿ ಅಂತ ಹೋದೋಳು ಇವಳು," ಅಣ್ಣ ಡ್ರೈವರಿಗೆ ಹೇಳುತ್ತಿದ್ದ. ಕಿವಿ ಮಂದವಾದವರ ಹಾಗೆ ಅಗತ್ಯಕ್ಕಿಂತ ಜೋರಾಗಿ. "ಸ್ಪೀಕರ್ ಬಂದ್ ಮಾಡಿ ಪ್ಲೇಟ್ ಹಾಕಿದಾಳೆ! ಕಿವುಡರ ಮನೇಲಿ ಕೊಳಲು ಊದಿದ ಹಾಗೆ!"

ಡ್ರೈವರು ನಕ್ಕ. ಅದರಲ್ಲಿ ನಗುವಂಥದ್ದೇನಿರಲಿಲ್ಲ. ಸ್ಪೀಕರಿನ ತಿರುಪನ್ನು ಪೂರ್ತಿ ತಿರುಗಿಸಿ ಮುಚ್ಚಿದರೂ ಸೂಜಿ ತಾನೇ ಹಾಡುತ್ತದೆ. ಜೀರುಂಡೆಯಷ್ಟು ಸಣ್ಣಗೆ. ಅಜ್ಜಿ ಪಕ್ಕದ ಕೋಣೆಯಲ್ಲಿ ಮಲಗಿದ್ದ ಮಧ್ಯಾಹ್ನವೊಂದರಲ್ಲಿ ಅವಳು ಅದನ್ನು ಕಂಡುಹಿಡಿದಿದ್ದಳು. ಕೆನ್ನೆಯನ್ನು ಪೆಟ್ಟಿಗೆಗೆ ಒತ್ತಿ, ಕಿವಿಯನ್ನು ಸೂಜಿಯ ಹತ್ತಿರ ಹತ್ತಿರ ತಂದು, ಆ ಜಗಳಗಂಟರನ್ನು ಒಂದು ಗುಂಡುಸೂಜಿಯ ತಲೆಯಷ್ಟು ಜಾಗದಲ್ಲಿ ಹಿಡಿದಿಟ್ಟಂತೆ ಕೇಳಿದಳು. ಗಿಟಾರು ಮೆಟ್ಟಿಲು ಹತ್ತುವ ಹಾಗೆ ಒಂದು, ಎರಡು, ಮೂರು ಸ್ವರ ಹತ್ತಿತು. ನಾಲ್ಕನೆಯದಕ್ಕೆ ಕಾಲೆತ್ತುವಾಗ ಅವಳ ಬಿಚ್ಚಿದ ಕೂದಲಿನ ಒಂದೆಳೆ ಜಾರಿ ಸೂಜಿಗೆ ಸುತ್ತಿಕೊಂಡಿತು. ಗಾಬರಿಯಲ್ಲಿ ತಲೆ ಎಳೆದಳು. ಕರ್ರ್ ಎಂದಿತು. ಅಷ್ಟೇ. ಆಮೇಲೆ ಆ ಪ್ಲೇಟಿನಲ್ಲಿ ಆ ಮೂರು ಮೆಟ್ಟಿಲಿನ ಮೇಲೆ ಮೆಟ್ಟಿಲಿರಲಿಲ್ಲ. ಒಂದು, ಎರಡು, ಮೂರು. ಒಂದು, ಎರಡು, ಮೂರು. ಯಾರಾದರೂ ಬೆರಳಿನಿಂದ ಸೂಜಿಯನ್ನು ತುಸು ಮುಂದೆ ತಳ್ಳುವ ತನಕ ಅದೇ. ತಳ್ಳಿದರೆ ಸೂಜಿ ಹಾರಿ ಹೋಗಿ ಡ್ರಮ್ಮಿನ ನಡುವೆ ಬೀಳುತ್ತಿತ್ತು. ಅಣ್ಣ ಹೊಡೆಯಲಿಲ್ಲ. ಹೊಡೆದಿದ್ದರೆ ಅಂದಿಗೇ ಮುಗಿದುಹೋಗುತ್ತಿತ್ತು. ಸೂಜಿಯಿಂದ ಆ ಉದ್ದ ಕೂದಲನ್ನು ಬಿಡಿಸಿ, ಬೆಳಕಿಗೆ ಹಿಡಿದು ನೋಡಿ, "ಹಾಳು ಮಾಡಿದೋಳೇ ತಳ್ಳಬೇಕು," ಎಂದ. ಭಾನುವಾರ ಗೆಳೆಯರ ಮುಂದೆ ಆ ಹಾಡು ಹಾಕುವನು. ಅದು ಸಿಕ್ಕಿಕೊಳ್ಳುವುದು. ಕೈಯಳತೆಯಲ್ಲಿ ನಾಲ್ಕು ಜನರಿದ್ದರೂ ಯಾರೂ ಮುಟ್ಟುತ್ತಿರಲಿಲ್ಲ. "ಬಾರೇ ಸೂಜಿ, ನಿನ್ನ ಪಾಲು ಬಂತು!" ಎಂದು ಕೂಗುವನು. ಅವಳು ಅಡುಗೆಮನೆಯಿಂದಲೋ ಹಿತ್ತಿಲಿನಿಂದಲೋ ಒದ್ದೆ ಕೈ ಲಂಗಕ್ಕೆ ಒರೆಸಿಕೊಂಡು ಓಡಿಬಂದು, ನಾಲ್ಕು ಜನರ ನಗುವಿನ ನಡುವೆ ಬೆರಳಿನಿಂದ ಮೆಲ್ಲಗೆ ತಳ್ಳಿ, ಮತ್ತೆ ಬಾಗಿಲು ಎಳೆದುಕೊಂಡು ಹೋಗಬೇಕು. ಒಂದು ದಿನ ಕೇಳಿದ್ದಳು, "ಅಣ್ಣ, ಮೂರು ಆದ್ಮೇಲೆ ಅಲ್ಲಿ ಏನಿತ್ತು?" ಅವನು, "ನಿಂಗ್ಯಾಕೆ? ನಿನಗೆ ಬೇಡ ಅಂತ ತಾನೇ ಕಿತ್ತಾಕಿದ್ದು," ಎಂದಿದ್ದ. ಗೆಳೆಯರು ಅದಕ್ಕೂ ನಕ್ಕರು. ಆ ದಿನವೇ ಇರಬೇಕು, ಅವಳ ಮುಖ ನೋಡಿ ಏನನ್ನಿಸಿತೋ, "ಒಂದು ವರ್ಷ ಮುಖ ಊದಿಸ್ದೆ ತಳ್ಳು. ಈ ಪ್ಲೇಟಿನ ಬ್ಯಾಂಡಿನೋರು ನಮ್ಮ ಕಡೆ ಬಂದಾಗ ನಿನ್ನ ಕರ್ಕೊಂಡು ಹೋಗ್ತೀನಿ. ಆಣೆ," ಎಂದಿದ್ದು. ಅವಳು ಮುಖ ಊದಿಸಲಿಲ್ಲ. ವರ್ಷಪೂರ್ತಿ ತಳ್ಳಿದಳು.

"ಈಗ ಏನು ತೊಂದ್ರೆ ಅಣ್ಣ?" ಎಂದಳು. ದನಿ ಎಲ್ಲ ಗಿರಾಕಿಗಳಿಗೂ ಮಾತಾಡುವ ಹಾಗೆಯೇ ಇತ್ತು.

"ಅದೇ ಕಣೇ. ಮಾತು ಪರವಾಗಿಲ್ಲ. ನಿಮ್ಮತ್ತಿಗೆ ಪಿಸುಗುಟ್ಟಿ ಬೈದ್ರೂ ಈಗ ಗೊತ್ತಾಗುತ್ತೆ, ಅದೊಂದು ಲುಕ್ಸಾನು. ಹಾಡು ಹಾಕಿದ್ರೆ ಮಾತ್ರ ಜರಡೀಲಿ ಕಲ್ಲು ಹಾಕಿ ಆಡಿಸ್ದಂಗೆ. ಎಳೆದ ಸ್ವರ ಒಂದೂ ನಿಲ್ಲಲ್ಲ. ಬಂತು ಅನ್ನೋಷ್ಟರಲ್ಲಿ ಯಾರೋ ಕತ್ತು ಹಿಸುಕ್ದಂಗೆ ಆಗುತ್ತೆ."

ಅವನು ಅಷ್ಟು ಸರಿಯಾಗಿ ಹೇಳಿದ್ದಕ್ಕೆ ಅವಳಿಗೆ ಆಶ್ಚರ್ಯವಾಯಿತು. ಕತ್ತು ಹಿಸುಕುತ್ತಿದ್ದದ್ದು ಮಿಷನ್ನೇ. ಕಿವಿಯೊಳಗೆ ಕೂತ ಮಿಷನ್ನು ಒಮ್ಮೊಮ್ಮೆ ತನ್ನ ಸದ್ದನ್ನು ತಾನೇ ಕೇಳಿಸಿಕೊಂಡು ಕುಂಯ್ ಎಂದು ಸಿಳ್ಳೆ ಹಾಕತೊಡಗುತ್ತದೆ. ಅದನ್ನು ತಡೆಯಲು ಅದರೊಳಗೊಂದು ಕಾವಲು ಇಟ್ಟಿರುತ್ತಾರೆ. ಉದ್ದಕ್ಕೆ ಒಂದೇ ಸಮ ನಿಂತ ಸ್ವರ ಕಂಡರೆ ಅದು ಸಿಳ್ಳೆಯೆಂದೇ ತಿಳಿದು ಈ ಕಾವಲು ಅದನ್ನು ಅದುಮಿಬಿಡುತ್ತದೆ. ಮಾತಿಗೆ ಇದರಿಂದ ತೊಂದರೆಯಿಲ್ಲ, ಮಾತಿನಲ್ಲಿ ಯಾರೂ ಅಷ್ಟು ಹೊತ್ತು ಒಂದೇ ಸ್ವರ ಹಿಡಿಯುವುದಿಲ್ಲ. ಹಾಡು ಕೇಳುವವರಿಗೆ ಮಾತ್ರ ಕಾವಲು ಸಡಿಲಿಸಿದ ಬೇರೊಂದು ಜೋಡಣೆ ಮಾಡಿಕೊಡಬೇಕು. ಐದು ನಿಮಿಷದ ಕೆಲಸ. ಕೆರೆಯಾಚೆಯ ನಿವೃತ್ತ ಮೇಷ್ಟ್ರಿಗೆ, ಬೇಕರಿಯವನ ತಾಯಿಗೆ ಅವರು ಕೇಳುವ ಮೊದಲೇ ಮಾಡಿಕೊಟ್ಟಿದ್ದಳು. ಎರಡು ತಿಂಗಳ ಹಿಂದೆ ಅಣ್ಣ ಇದೇ ಕುರ್ಚಿಯಲ್ಲಿ ಮೊದಲ ಸಲ ಕೂತಾಗ ಅವಳ ಕೈ ಆ ಜೋಡಣೆಯ ಕೀಲಿಯ ಮೇಲೆ ಹೋಗಿತ್ತು, ನಿಂತಿತ್ತು, ಹಿಂದೆ ಬಂದಿತ್ತು. ಎರಡನೆಯ ಸಲ ಬಂದಾಗ, "ವಯಸ್ಸಾದ ಕಿವಿ ಅಣ್ಣ, ಹಾಡು ಇನ್ನು ಇಷ್ಟೇ," ಎಂದಿದ್ದಳು. ಗೋಡೆಯ ಮೇಲೆ ಕಟ್ಟು ಹಾಕಿಸಿದ ಅವಳ ಸರ್ಟಿಫಿಕೇಟು ಇತ್ತು. ಮೂವತ್ತು ವರ್ಷದಲ್ಲಿ ಒಂದು ಕಿವಿಗೂ ಅವಳು ಸುಳ್ಳು ಹೇಳಿರಲಿಲ್ಲ. ಆ ರಾತ್ರಿ ಅವಳು ಊಟ ಬಿಟ್ಟು ಎದ್ದಿದ್ದಳು. ಆದರೆ ಮರುದಿನ ಹಸಿವಾಯಿತು, ಅದರ ಮರುದಿನವೂ ಆಯಿತು. ಪಾಪವೂ ಹೊಸ ಚಪ್ಪಲಿಯ ಹಾಗೆ, ಮೊದಲೆರಡು ದಿನ ಮಾತ್ರ ಕಚ್ಚುತ್ತದೆ.

"ವಯಸ್ಸಾಯ್ತು ಅಂದ್ಯಲ್ಲ, ಒಪ್ಕೊಂಡೆ," ಅಣ್ಣ ಮುಂದಕ್ಕೆ ಬಾಗಿದ. "ಆದ್ರೆ ಈಗ ಬಿಡೋಕಾಗಲ್ಲ. ಭಾನುವಾರ ಅವರು ಬರ್ತಿದಾರೆ. ಬ್ಯಾಂಡಿನೋರು! ಇಬ್ಬರು ಸತ್ತೋದ್ರು, ಉಳಿದೋರು ಮೂವರು. ಕಾಳಿನ ಗೋದಾಮಲ್ಲೇ, ಅದೇ ಜಾಗ. ನಲವತ್ತೆಂಟು ವರ್ಷ ಆದ್ಮೇಲೆ." ಅವನು ಪೆಟ್ಟಿಗೆಯ ಕಡೆ ಕೈ ತೋರಿಸಿದ. "ಇವಳು ಕಿತ್ತಾಕಿದ ಜಾಗ ಇದ್ಯಲ್ಲ, ಅದನ್ನ ನಾನು ಕಿವಿಯಾರೆ ಕೇಳಿದ್ದು ಆವತ್ತೇ ಕೊನೆ. ಸಾಯೋದ್ರೊಳಗೆ ಇನ್ನೊಂದ್ಸಲ ಕೇಳ್ಬೇಕು ಕಣೇ."

"ಅಕ್ಕಾವ್ರೂ ಬಂದಿದ್ರಾ ಆವತ್ತು?" ಡ್ರೈವರು ಕೇಳಿದ.

"ಬರದೇ! ಜನ ಅಂದ್ರೆ ಜನ. ಇವಳು ಇಷ್ಟೇ ಇದ್ಳು, ಏನೂ ಕಾಣ್ತಿರಲಿಲ್ಲ. ಹೆಗಲ ಮೇಲೆ ಕೂರಿಸ್ಕೊಂಡೆ. ಎರಡು ಗಂಟೆ! ಮಾರನೇ ದಿನ ಕತ್ತು ತಿರುಗಿಸೋಕಾಗಲಿಲ್ಲ. ಅಲ್ವೇನೇ?"

ಅವಳು ಅವನ ಮುಖವನ್ನೇ ನೋಡಿದಳು. ಸುಳ್ಳು ಹೇಳುವವನ ಮುಖ ಅದಾಗಿರಲಿಲ್ಲ. ಕಣ್ಣಂಚಿನಲ್ಲಿ ನೀರಿತ್ತು, ಕೈ ತಾನಾಗಿ ಹೆಗಲಿಗೆ ಹೋಗಿತ್ತು, ಅಲ್ಲಿ ಯಾವುದೋ ಹಳೆಯ ಭಾರವನ್ನು ಮುಟ್ಟಿ ನೋಡುವಂತೆ. ಅವನಿಗೆ ನೆನಪಿರುವುದೇ ಹಾಗೆ. ಯಾವತ್ತೋ ಒಂದು ದಿನ, ಒಂದು ಸಲ ಹೇಳಿ, ಎರಡು ಸಲ ಹೇಳಿ, ಅದು ನಡೆದದ್ದೇ ಆಗಿಬಿಟ್ಟಿದೆ. ಇಷ್ಟು ವರ್ಷ ಅವಳು ಕಲ್ಲು ಹಿಡಿದು ಕಾದಿದ್ದಳು. ಹೊಡೆಯಬೇಕಾದವನು ಆ ಮುಖವನ್ನು ಬಾಡಿಗೆ ಮನೆಯಂತೆ ಖಾಲಿ ಮಾಡಿ ಹೋಗಿದ್ದ, ಅಲ್ಲೀಗ ಯಾರೋ ಒಳ್ಳೆಯ ಮುದುಕ ವಾಸವಾಗಿದ್ದ. ತನ್ನ ಹನ್ನೊಂದು ವರ್ಷವನ್ನು ಅವನು ಎರಡನೆಯ ಸಲ ಕಿತ್ತುಕೊಂಡನೆಂದು ಅವಳಿಗೆ ಅನ್ನಿಸಿತು.

ಅಂದು ಗೋದಾಮಿನ ಬಾಗಿಲಲ್ಲಿ ಅವನು ಹೇಳಿದ್ದು ಇಷ್ಟು: "ಸೈಕಲ್ ನೋಡ್ಕೋತಿರು. ನಾಲ್ಕು ಹಾಡು ಆದ್ಮೇಲೆ ಬಂದು ಕರೀತೀನಿ." ಸುಗ್ಗಿಗೆ ಮುಂಚೆ ಖಾಲಿ ಇದ್ದ ತಗಡಿನ ಗೋದಾಮು, ಸಂಜೆ ನಾಲ್ಕರ ಬಿಸಿಲು. ಅವಳು ನಾಲ್ಕು ಸೈಕಲ್ಲುಗಳ ಹ್ಯಾಂಡಲ್ಲುಗಳನ್ನು ಒಂದಕ್ಕೊಂದು ಒರಗಿಸಿ, ನಡುವೆ ನಿಂತು, ಬೆರಳಲ್ಲಿ ಹಾಡು ಎಣಿಸಿದಳು. ನಾಲ್ಕಾಯಿತು. ಬಾಗಿಲ ಕಡೆ ನೋಡಿದಳು. ಐದಾಯಿತು. ಟಿಕೆಟ್ಟಿನವನು ಅವಳನ್ನು ನೋಡಿ ಬೀಡಿ ಹೊತ್ತಿಸಿ ಬೇರೆ ಕಡೆ ತಿರುಗಿಕೊಂಡ. ಆರನೆಯದು ಆ ಹಾಡು. ಶುರುವಾದ ಕೂಡಲೇ ಅವಳಿಗೆ ತಿಳಿಯಿತು. ಸೈಕಲ್ಲು ಬಿಟ್ಟು ಹೋಗಿ ತಗಡಿನ ಗೋಡೆಗೆ ಬೆನ್ನು ಆನಿಸಿ ನಿಂತಳು. ಕಾದ ತಗಡು ಅಂಗಿಯೊಳಗಿಂದ ಸುಡುತ್ತಿತ್ತು, ನಡುಗುತ್ತಿತ್ತು. ಸದ್ದು ಕಿವಿಯಿಂದ ಬರಲಿಲ್ಲ. ಬೆನ್ನುಮೂಳೆಯ ಒಂದೊಂದು ಗಂಟನ್ನೂ ಮೆಟ್ಟಿಲು ಮಾಡಿಕೊಂಡು ಹತ್ತಿ ಬಂತು. ಪೆಟ್ಟಿಗೆಯಲ್ಲಿ ಜೀರುಂಡೆಯಷ್ಟಿದ್ದದ್ದು ಇಲ್ಲಿ ಗೋದಾಮನ್ನೇ ಎತ್ತಿ ಕುಣಿಸುತ್ತಿತ್ತು. ಹಾಡುವವರು ಮನುಷ್ಯರೆಂದು, ಅವರಿಗೆ ಉಸಿರಿದೆಯೆಂದು, ಅವರೂ ತಪ್ಪುತ್ತಾರೆಂದು ಅವಳಿಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. ಒಂದು. ಎರಡು. ಮೂರು. ಅವಳ ಬೆರಳು ತಾನಾಗಿ ಮೇಲೆದ್ದಿತು, ತಳ್ಳಲು. ತಳ್ಳುವುದಕ್ಕೆ ಏನೂ ಇರಲಿಲ್ಲ. ಗಿಟಾರು ನಾಲ್ಕನೆಯ ಮೆಟ್ಟಿಲಿಗೆ ಕಾಲಿಟ್ಟು ಅಲ್ಲೇ ನಿಂತಿತು. ಒಂದೇ ಸ್ವರ. ಕತ್ತಿಗೆ ಸಾಣೆ ಹಿಡಿದಂತೆ ಉದ್ದಕ್ಕೆ, ಎಲ್ಲೂ ಬಾಗದೆ, ನಿಂತೇ ಇತ್ತು. ಎತ್ತಿದ ಬೆರಳು ಎತ್ತಿದ ಹಾಗೆಯೇ ಇತ್ತು. ಅಷ್ಟೇ ಇದ್ದದ್ದು ಅಲ್ಲಿ. ಒಂದು ವರ್ಷ ಅವಳಿಂದ ಮುಚ್ಚಿಟ್ಟದ್ದು. ಕತ್ತಲಾಗುವ ಮೊದಲು ಜನ ಹೊರಬಂದರು. ಅಣ್ಣನ ಕಿವಿ ಗುಂಯ್ ಎನ್ನುತ್ತಿತ್ತೇನೋ, ಕೂಗಿ ಮಾತಾಡುತ್ತಿದ್ದ. ಅವಳನ್ನು ಕಂಡು ಅರೆಕ್ಷಣ ಯಾರೆಂದು ತಿಳಿಯದವನಂತೆ ನೋಡಿ, "ಓ, ಮರ್ತೇ ಹೋಯ್ತು ಕಣೇ. ನಡಿ," ಎಂದ. ಅವಳು ನಡೆದಳು. ತಾನು ಕೇಳಿದೆನೆಂದು ಅವನಿಗೆ ಅಂದೂ ಹೇಳಲಿಲ್ಲ, ಇಂದಿಗೂ ಹೇಳಿಲ್ಲ.

"ಅಲ್ವೇನೇ?" ಅಣ್ಣ ಮತ್ತೆ ಕೇಳಿದ.

"ಹೂಂ. ಹೆಗಲ ಮೇಲೆ," ಎಂದಳು. "ತಾಳು, ನೋಡೋಣ ಏನಾಗುತ್ತೆ ಅಂತ."

ಅವನ ಎರಡು ಮಿಷನ್ನಿಗೂ ತಂತಿ ಚುಚ್ಚಿ ಕಂಪ್ಯೂಟರಿಗೆ ಜೋಡಿಸಿದಳು. ತಂತಿಯಲ್ಲಿರುವಷ್ಟು ಹೊತ್ತು ಅವಳು ಒತ್ತಿದ್ದೆಲ್ಲ ಅವನಿಗೆ ಆಗಿಂದಾಗಲೇ ಕೇಳಿಸುತ್ತದೆ. ಕೊನೆಗೆ ಉಳಿಸಿ ತೆಗೆದರೆ ಉಳಿಯುತ್ತದೆ, ಉಳಿಸದಿದ್ದರೆ ಮಿಷನ್ನು ತನ್ನ ಹಳೆಯ ಬುದ್ಧಿಗೆ ಮರಳುತ್ತದೆ. ಮುಚ್ಚಳ ತೆರೆದು, ಒಳಗಿದ್ದ ಅದೇ ಪ್ಲೇಟು ಇಟ್ಟು, ಸೂಜಿ ಇಳಿಸಿ ತನ್ನ ಜಾಗಕ್ಕೆ ಮರಳಿದಳು. ಹಾಡು ಶುರುವಾಯಿತು. ಅಣ್ಣನ ಮುಖ ಕಹಿ ಕುಡಿದವನ ಹಾಗೆ ಕಿವುಚಿಕೊಂಡಿತು. "ನೋಡು, ಇದೇ, ಇದೇ ಕಲ್ಲು..." ಅವಳು ಕಾವಲು ಸಡಿಲಿಸುವ ಕೀಲಿ ಒತ್ತಿದಳು. ಯಾಕೆ ಒತ್ತಿದಳೆಂದು ಅವಳಿಗೆ ಗೊತ್ತಿರಲಿಲ್ಲ. ಬಹುಶಃ ಕಣ್ಣಂಚಿನ ಆ ನೀರಿಗೆ, ಬಹುಶಃ ಗೋಡೆಯ ಮೇಲಿನ ಸರ್ಟಿಫಿಕೇಟಿಗೆ.

ಅಣ್ಣ ಮಾತು ನಿಲ್ಲಿಸಿದ. ಅರ್ಧ ತೆರೆದ ಬಾಯಿ ಹಾಗೇ ಇತ್ತು. ಮೊದಲು ಬಲಗಾಲಿನ ಹೆಬ್ಬೆರಳು ಚಪ್ಪಲಿಯೊಳಗೆ ಅಲ್ಲಾಡಿತು, ಆಮೇಲೆ ಪಾದ, ಆಮೇಲೆ ಮಂಡಿನೋವಿನ ಆ ಮೊಣಕಾಲು. ಹೊರಗೆ ಯಾರದೋ ಗಾಡಿಯಿಂದ ಮೂಟೆ ಇಳಿಸುತ್ತಿದ್ದರು. ಅಣ್ಣನ ಮುಖದ ಸುಕ್ಕುಗಳು ಒಂದೊಂದಾಗಿ ಹಿಂದೆ ಸರಿದು, ಬಾಗಿಲಿನ ಆಚೆ ಕೂತಿದ್ದ ಹದಿನೆಂಟರ ಹುಡುಗನ ಮುಖ ಮೇಲೆ ಬರುತ್ತಿರುವುದನ್ನು ಅವಳು ನೋಡಿದಳು. ಬಾಗಿಲು ಯಾವಾಗಲೂ ಮುಚ್ಚಿರುತ್ತಿತ್ತಾದ್ದರಿಂದ ಹಾಡು ಕೇಳುವಾಗ ಅವನ ಮುಖ ಹೇಗಿರುತ್ತದೆಂದು ಅವಳು ನೋಡಿದ್ದು ಇದೇ ಮೊದಲು. ಚೆನ್ನಾಗಿತ್ತು. ಏನೂ ಅರಿಯದವನ ಮುಖ. ಬಿಟ್ಟುಬಿಡು, ಎಂದುಕೊಂಡಳು. ಎಷ್ಟು ದಿನ ಇರುತ್ತಾನೆ, ಎಷ್ಟು ದಿನ ಇರುತ್ತೀಯ, ಕೊಟ್ಟುಬಿಡು. ಅವಳ ಬೆರಳು ಉಳಿಸುವ ಕೀಲಿಯ ಕಡೆ ಹೋಯಿತು.

ಒಂದು, ಎರಡು, ಮೂರು. ಒಂದು, ಎರಡು, ಮೂರು. ಒಂದು, ಎರಡು, ಮೂರು.

ಪೆಟ್ಟಿಗೆ ಇದ್ದದ್ದು ಅವನ ಮೊಣಕೈ ಪಕ್ಕದಲ್ಲಿ. ಅವಳು ಮೇಜಿನ ಆ ತುದಿಯಲ್ಲಿದ್ದಳು. ಅಣ್ಣ ಕಣ್ಣು ಮುಚ್ಚಿಕೊಂಡೇ, ಮುಖದಲ್ಲಿ ಅದೇ ಸುಖದ ಬೆಳಕು ಹೊತ್ತುಕೊಂಡೇ, ಗಲ್ಲ ಎತ್ತಿ ಕೂಗಿದ: "ಬಾರೇ ಸೂಜಿ, ನಿನ್ನ ಪಾಲು ಬಂತು!"

ಡ್ರೈವರು ಹೋ ಎಂದು ನಕ್ಕ. "ಓಹೋ, ಇದಕ್ಕಾ ಸೂಜಿ!"

ಅವಳು ಎದ್ದಳು. ಈ ಸಲ ಮೇಜು ಹಿಡಿದುಕೊಂಡು, ನಿಧಾನವಾಗಿ. ಮೇಜನ್ನು ಸುತ್ತಿ ಬಂದು, ಬೆರಳಿನಿಂದ ಸೂಜಿಯನ್ನು ಮೆಲ್ಲಗೆ ತಳ್ಳಿದಳು. ಅದು ಹಾರಿ ಡ್ರಮ್ಮಿನ ನಡುವೆ ಬಿತ್ತು. ಮತ್ತೆ ಸುತ್ತಿ ಹೋಗಿ ಕೂತಳು. ಹಾಡು ಮುಗಿಯುವ ತನಕ ಕಾದಳು. ಮುಗಿದ ಮೇಲೆ ಕಂಪ್ಯೂಟರ್ ಕೇಳಿತು: ಉಳಿಸಬೇಕೇ? ಬೇಕು, ಬೇಡ. ಅವಳು ಬೇಡ ಎಂಬುದನ್ನು ಒತ್ತಿ ತಂತಿ ಎಳೆದಳು.

"ಸರಿಹೋಯ್ತು ಕಣೇ! ಏನು ಮಾಡ್ದೆ? ಏನು ಕೈ ಕಣೇ ನಿಂದು!" ಅಣ್ಣ ಅವಳ ಮುಂಗೈ ಹಿಡಿದುಕೊಂಡ. ಅವನ ಕೈ ಬೆಚ್ಚಗಿತ್ತು. "ಇನ್ನೊಂದ್ಸಲ ಹಾಕು."

"ಬೇಡ. ಸುಮ್ನೆ ಪ್ಲೇಟು ಸವೆಯುತ್ತೆ," ಎಂದು ಅವಳು ಅದನ್ನು ಅಂಚು ಹಿಡಿದೆತ್ತಿ, ಮೆತ್ತನೆ ಬಟ್ಟೆಯಿಂದ ಒರೆಸಿ, ಕಾಗದದ ಚೀಲಕ್ಕೆ ಹಾಕಿದಳು.

"ನೀನೂ ಬಾ ಭಾನುವಾರ. ಬರಲೇಬೇಕು. ಮಧ್ಯದಲ್ಲಿ ಇದು ಎಲ್ಲಾದ್ರೂ ಕೈಕೊಟ್ರೆ ನೀನಿರ್ತೀಯಲ್ಲ, ಧೈರ್ಯ. ನಿನ್ನ ಟಿಕೆಟ್ ನನ್ನ ಹತ್ರ ಇರುತ್ತೆ, ಬಾಗಿಲಲ್ಲಿ ಕೊಡ್ತೀನಿ."

"ನಂದು ನಾನು ತಗೊಂಡಿದೀನಿ."

"ಹೌದಾ? ಯಾವಾಗ?"

"ಮೊದಲನೇ ದಿನಾನೇ," ಎಂದಳು. "ನಿನ್ನ ಪಕ್ಕದಲ್ಲೇ ನಿಂತಿರ್ತೀನಿ ಅಣ್ಣ. ಆ ಜಾಗ ಬಂದಾಗ ಹೇಳ್ತೀನಿ."

ಪೆಟ್ಟಿಗೆಯನ್ನು ಡ್ರೈವರು ಕಾರಿನ ತನಕ ಹೊತ್ತುಕೊಂಡು ಹೋದ. ಮರಳಿ ಬಂದು, "ಪಾಪ, ಮಗು ಥರ ಖುಷಿಪಟ್ರು ನಿಮ್ಮಣ್ಣ," ಎನ್ನುತ್ತ ಕುರ್ಚಿಯಲ್ಲಿ ಕೂತು, ತನ್ನ ಮಿಷನ್ನು ಬಿಚ್ಚಿ ಬಿಳಿ ಬಟ್ಟೆಯ ಮೇಲಿಟ್ಟ. ಅದರ ಬಾಯಿ ತುಂಬ ಹೊಟ್ಟು. ಅವಳು ಕುಂಚ ಕೈಗೆ ತೆಗೆದುಕೊಂಡು, ದೀಪದ ಕೆಳಗೆ ಬಾಗಿ, ಬಾಗಿದವಳು ಹಾಗೇ ತಡೆದಳು.

ಹೊರಗೆ ಕಾರಿನ ಬಾಗಿಲು ಹಾಕಿದ ಸದ್ದಾಯಿತು.

ಅವಳು ಕಾದಳು. ಡ್ರೈವರು ಏನೆಂದು ತಲೆಯೆತ್ತಿ ನೋಡಿದ.

ಇನ್ನೊಮ್ಮೆ ಆಯಿತು. ಅವಳು ಕುಂಚವನ್ನು ಹೊಟ್ಟಿಗೆ ತಾಗಿಸಿ ಮೆಲ್ಲಗೆ ಉದುರಿಸತೊಡಗಿದಳು.